ಒಮಾರಿಯ ಬೆನ್ನು

ಬೆನ್ಸನ್ ಟೌನ್ ಹಾಸ್ಟೆಲ್,
9 ನವೆಂಬರ್ 1999

ನಾಜಿಶ್,

'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದೆ. ಇದು ನಾಲ್ಕನೆಯ ಹಾಳೆ ಕಣೇ. ಕೂತರೆ ಕೂರಲಾಗುತ್ತಿಲ್ಲ, ಎದ್ದರೆ ಎಲ್ಲಿಗೆ ಹೋಗಬೇಕೋ ತಿಳಿಯುತ್ತಿಲ್ಲ.

ಭಾನುವಾರ ಶಿವಾಜಿನಗರಕ್ಕೆ, ನಿಮ್ಮ ಮನೆಗೆ ಬಂದದ್ದು ಎಲ್ಲ ಹೇಳಿಬಿಡಬೇಕೆಂದೇ. ನೀನಿರಲಿಲ್ಲ. ನಿಮ್ಮಮ್ಮ ಚಹಾ ಕೊಟ್ಟು, "ನಮ್ಮ ನಾಜಿಶ್ ಏನೂ ತಪ್ಪು ಮಾಡಿಲ್ಲ ಅಲ್ವಾ ಬೇಟಿ?" ಎಂದು ಕೇಳಿದರು. "ಮಾಡಿಲ್ಲಮ್ಮ" ಎಂದೆ. ಹಾಗಾದರೆ ಮಾಡಿದ್ದು ಯಾರು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಾಸ್ಟೆಲ್ ಬಾಗಿಲು ಹಾಕುತ್ತಾರೆ ಎಂದು ಸುಳ್ಳು ಹೇಳಿ ಎದ್ದು ಬಂದೆ.

ಮಾಡಿದ್ದು ನಾನು.

ಒಮಾರಿ ವಾರ್ಡಿಗೆ ಬಂದ ದಿನ ನೆನಪಿದೆಯಾ? ಟಾಂಜಾನಿಯಾದಿಂದ ಇಲ್ಲಿಗೆ ಓದಲು ಬಂದವನು, ಕೆ.ಆರ್. ಪುರದ ಹತ್ತಿರ ಬೈಕಿನಿಂದ ಬಿದ್ದು ತೊಡೆ ಮೂಳೆ ಮುರಿದುಕೊಂಡಿದ್ದ. ಕಾಲಿಗೆ ತೂಕ ಕಟ್ಟಿ ಅಂಗಾತ ಮಲಗಿಸಿದ್ದರು. ಅವನ ಮೈ ಒರೆಸುವ ಸರದಿ ಯಾರದೆಂದು ನಾವು ಚೀಟಿ ಎತ್ತಿದೆವು. ಬಾಯಿಗೆ ಸೆರಗು ಮುಚ್ಚಿ ನಕ್ಕೆವು. ನೀನು ಮಾತ್ರ ಚೀಟಿ ಎತ್ತದೆ ಬೇಸಿನ್ ಹಿಡಿದು ಹೋದೆ.

ಬೆಳಗಿನ ಪಾಳಿಯಲ್ಲಿ ಅವನ ಬೆನ್ನು ನೋಡುವುದು ನನ್ನ ಕೆಲಸ. ಪದ್ಮಶ್ರೀ ಮೇಡಂ ನರ್ಸಿಂಗ್ ಕ್ಲಾಸಿನಲ್ಲಿ ನಮಗೆ ಕಲಿಸಿದ್ದೇನು? ಹಾಸಿಗೆಗೆ ಒತ್ತಿದ ಜಾಗ ಕೆಂಪಾಗಿದೆಯೇ ನೋಡಿ, ಕೆಂಪಾದರೆ ಹುಣ್ಣಾಗುತ್ತದೆ ಎಂದು. ತೋರಿಸಿದ್ದು ಆ ಗುಲಾಬಿ ಬಣ್ಣದ ಗೊಂಬೆಯ ಮೇಲೆ. ಒಮಾರಿಯ ಕಪ್ಪು ಮೈಮೇಲೆ ಕೆಂಪು ಎಲ್ಲಿಂದ ಕಾಣಬೇಕು? ಬಿಸಿಯಾಗಿದೆಯೋ, ಗಟ್ಟಿಯಾಗಿದೆಯೋ ಕೈಯಿಟ್ಟು ನೋಡಬೇಕಿತ್ತು. ಯಾರೂ ಹೇಳಿಕೊಡದಿದ್ದರೂ ಸಂಜೆ ಪಾಳಿಯಲ್ಲಿ ನೀನು ಕೈಯಿಟ್ಟೆ. ಪಾಪ, ಅವನು ಮಂಚದ ಮೇಲೆ ತೂಗುಬಿಟ್ಟ ಹಿಡಿಕೆ ಹಿಡಿದು ನೋವಿನಲ್ಲೇ ಸೊಂಟ ಎತ್ತುತ್ತಿದ್ದ. ನಾನು ಬಗ್ಗಿ ಇಣುಕಿ, 'ಕೆಂಪಿಲ್ಲ' ಎಂದು ಬರೆದು, ಅವನನ್ನು ಮುಟ್ಟದ ಕೈಗೆ ಸೋಪು ಹಾಕಿ ತೊಳೆಯುತ್ತಿದ್ದೆ. ಹೀಗೆ ಮೂರು ದಿನ.

ಹೀಗೆ ಮುಟ್ಟದೆ ನೋಡುವುದನ್ನು ಮೇಡಂ ಒಬ್ಬರೇ ಕಲಿಸಿದ್ದಲ್ಲ. ದೊಡ್ಡನೆಕ್ಕುಂದಿಯ ನಮ್ಮ ಮನೆಯಲ್ಲಿ ಕೆಲಸದ ಜಟ್ಟೆಮ್ಮನ ಲೋಟ ಹಿತ್ತಲ ಕಿಟಕಿಯಲ್ಲಿರುತ್ತದೆ. ನಮ್ಮಮ್ಮ ಅದಕ್ಕೆ ತಾಗದ ಹಾಗೆ ಮೇಲಿನಿಂದ ಕಾಫಿ ಸುರಿಯುತ್ತಾರೆ. ನಾನೂ ಚಿಕ್ಕಂದಿನಿಂದ ಹಾಗೇ ಸುರಿದವಳು. ಈ ಬಿಳಿ ಬಟ್ಟೆ ತೊಟ್ಟ ದಿನವೇ ಅದೆಲ್ಲ ಬಿಟ್ಟುಹೋಯಿತು ಅಂದುಕೊಂಡಿದ್ದೆ.

ಗುರುವಾರ ಡಾಕ್ಟರು ಅವನ ಸೊಂಟ ಎತ್ತಿಸಿ ನೋಡುವಷ್ಟರಲ್ಲಿ ಹುಣ್ಣು ಒಡೆದಿತ್ತು. ಮೇಡಂ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು. ನಾನು ನೋಡಿದಾಗ ಚೆನ್ನಾಗಿತ್ತು ಎಂದೆ. ಸೋಮವಾರ ಸಂಜೆಯೇ ವಾರ್ಡ್ ಪುಸ್ತಕದಲ್ಲಿ ಬರೆದಿದ್ದೇನೆ ಎಂದೆ ನೀನು. ಪುಸ್ತಕದಲ್ಲಿ ಅದು ಸಿಗಲಿಲ್ಲ. ಆ ಹಾಳೆ ಏನಾಯಿತೋ ನನಗೂ ಗೊತ್ತಿಲ್ಲ. "ಮಾಡೋದೂ ಮಾಡಿ ಸುಳ್ಳು ಬೇರೆ! ನಿಮ್ಮ ಜನಾನೇ ಇಷ್ಟು" ಎಂದು ಮೇಡಂ ನಿನ್ನನ್ನು ಮನೆಗೆ ಕಳಿಸಿದರು. ನನಗೆ ಇನ್ನೊಂದು ಪ್ರಶ್ನೆ ಕೂಡ ಕೇಳಲಿಲ್ಲ. ನನ್ನ ಹೆಸರು ಹಂಸ, ನಿನ್ನದು ನಾಜಿಶ್, ಅವರಿಗೆ ಅಷ್ಟೇ ಸಾಕಾಯಿತು. ಅದು ನನಗೆ ಅಲ್ಲೇ ಅರ್ಥವಾಯಿತು. ಅರ್ಥವಾಗಿ ಸಮಾಧಾನವೂ ಆಯಿತು. ಥೂ, ನನ್ನ ಜನ್ಮಕ್ಕಿಷ್ಟು!

ಶುಕ್ರವಾರ ಕೊನೇ ವರ್ಷದ ಪರೀಕ್ಷೆಗೆ ಕೂರುವವರ ಪಟ್ಟಿ ಹೋಗುತ್ತದೆ. ಅದರಲ್ಲಿ ನಿನ್ನ ಹೆಸರಿಲ್ಲ. ಪ್ರಿನ್ಸಿಪಾಲರಿಗೆ ನಾಳೆ ಹೇಳುತ್ತೇನೆ. ಖಂಡಿತ ಹೇಳುತ್ತೇನೆ. ನಿನ್ನೆಯೂ ಹೀಗೇ ಅಂದುಕೊಂಡು ಅವರ ಬಾಗಿಲವರೆಗೂ ಹೋಗಿ ವಾಪಸ್ ಬಂದೆ.

ಒಮಾರಿಯ ಹುಣ್ಣಿಗೆ ಈಗ ದಿನಾ ನಾನೇ ಡ್ರೆಸ್ಸಿಂಗ್ ಮಾಡುತ್ತೇನೆ, ಆ ಡ್ಯೂಟಿ ಕೇಳಿ ಹಾಕಿಸಿಕೊಂಡೆ. ಹಲ್ಲು ಕಚ್ಚಿ ನೋವು ತಡೆದುಕೊಂಡು 'ಥ್ಯಾಂಕ್ಯೂ ಸಿಸ್ಟರ್' ಅನ್ನುತ್ತಾನೆ. ನೀನೆಲ್ಲಿ ಎಂದು ಕೇಳಿದ. ರಜೆಯಲ್ಲಿದ್ದಾಳೆ ಎಂದೆ.

ನಿನ್ನ ಗೆಳತಿ ಎಂದು ಬರೆಯಲು ಕೈ ಬಾರದ,
ಹಂಸ

ಮತ್ತೊಂದು ಮಾತು: ಹಾಳೆ ಏನಾಯಿತೋ ಗೊತ್ತಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಮಂಗಳವಾರ ಬೆಳಿಗ್ಗೆಯೇ ಅದನ್ನು ಓದಿದ್ದೆ. ಓದಿಯೂ ಅವನನ್ನು ಮುಟ್ಟಲಿಲ್ಲ. ಗುರುವಾರ ಹುಣ್ಣಿನ ಸುದ್ದಿ ಕೇಳಿದೊಡನೆ ಪುಸ್ತಕದಿಂದ ಹರಿದು ಟ್ರಂಕಿನ ತಳದಲ್ಲಿಟ್ಟೆ. ಈಗ ಈ ಲಕೋಟೆಯಲ್ಲೇ ಇದೆ. ಬೆಳಿಗ್ಗೆ ನಿಮ್ಮಪ್ಪನ ಅಂಗಡಿಯಲ್ಲಿ ಕೊಟ್ಟು ಹೋಗುತ್ತೇನೆ. ಈ ಕಾಗದ, ಆ ಹಾಳೆ ಎರಡನ್ನೂ ಸೇರಿಸಿ ನೀನೇ ಪ್ರಿನ್ಸಿಪಾಲರಿಗೆ ಕೊಡು, ನನ್ನನ್ನು ನಂಬಿ ಕಾಯಬೇಡ. 'ಸೊಂಟದ ಕೆಳಗೆ ಬಿಸಿ, ಗಟ್ಟಿ. ಹಂಸ, ಬೆಳಿಗ್ಗೆ ಸಿಸ್ಟರ್‌ಗೆ ತೋರಿಸು' ಎಂದು ಬರೆದವಳು ನೀನು. ನೀನದನ್ನು ಮರೆತಿರಲು ಸಾಧ್ಯವೇ ಇಲ್ಲ. ಅವತ್ತು ಸಾಲಿನಲ್ಲಿ ನನ್ನ ಪಕ್ಕದಲ್ಲೇ ನಿಂತಿದ್ದೆ. ನನ್ನ ಹೆಸರು ಯಾಕೆ ಹೇಳಲಿಲ್ಲ ಕಣೇ?