ಅಕ್ಕನ ಹಿಂದೆ ದ್ವೀಪ ಸುತ್ತಿದ್ದು

೧೧, ಮಂಗಳವಾರ

ಇವತ್ತೂ ಅಕ್ಕ ಸಿಗಲಿಲ್ಲ. ಬೆಳಗ್ಗೆ ಅವಳ ಕ್ಲಿನಿಕ್‌ಗೆ ಹೋದರೆ ಬೀಗ. ಪಕ್ಕದ ಸೈಕಲ್ ಶಾಪಿನವನು, "ನರ್ಸಮ್ಮ ರೌಂಡ್ಸ್‌ಗೆ ಹೋದ್ರು. ದಂಡೆ ಹಿಡಿದು ಹೋಗಿ, ಸಿಗ್ತಾರೆ" ಅಂದ. ಹೋದೆ. ಮರಳು, ಕಲ್ಲು, ಒಣಗಲು ಹಾಕಿದ ಬಲೆ, ಮತ್ತೆ ಕಲ್ಲು. ಬಲೆ ಹೊಲಿಯುತ್ತಿದ್ದ ಮುದುಕ, "ಈಗಷ್ಟೇ ಓಣಿ ಹತ್ತಿದ್ರಲ್ಲಾ!" ಅಂದ. ಓಣಿ ಹತ್ತಿದೆ. ಯಾರಾದರೂ ಎದುರಾದರೆ ಗೋಡೆಗೆ ಒರಗಿ ದಾರಿ ಬಿಡಬೇಕು, ಅಷ್ಟು ಕಿರಿದು. ತುದಿಯಲ್ಲಿ ಲೈಟ್‌ಹೌಸ್. ಅಲ್ಲೊಂದು ನಾಯಿ ಇತ್ತು. ಅಕ್ಕ ಇರಲಿಲ್ಲ.

ಅಂಗೈಯಗಲದ ದ್ವೀಪ. ಇದರಲ್ಲೂ ಕಳೆದುಹೋಗುವುದು ನಮ್ಮಕ್ಕನಿಗೆ ಮಾತ್ರ ಸಾಧ್ಯ. ನಾನು ಬಂದದ್ದು ಅವಳಿಗೆ ಗೊತ್ತು, ಯಾಕೆ ಬಂದೆ ಅಂತಲೂ ಗೊತ್ತು. ಅಲ್ಲಿ ಆಸ್ಪತ್ರೆಯಲ್ಲಿ ಅಮ್ಮನಿಗೆ ಇವತ್ತೋ ನಾಳೆಯೋ. ಇಲ್ಲಿ ನನಗೆ ದ್ವೀಪ ಪ್ರದಕ್ಷಿಣೆ.

೧೨, ಬುಧವಾರ, ಮಧ್ಯಾಹ್ನ

ಕಾಲಲ್ಲಿ ಬೊಬ್ಬೆ. ಉತ್ತರದ ದಂಡೆ, ಐಸ್ ಫ್ಯಾಕ್ಟರಿ, ಅದರ ಹಿಂದಿನ ಮೆಟ್ಟಿಲ ಓಣಿ... ಹೋದಲ್ಲೆಲ್ಲ ಅವಳದೇ ಗುಣಗಾನ. ಓಣಿಯ ಕೊನೇ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ನನ್ನ ಕೈ ಬಿಡಲೇ ಇಲ್ಲ. "ದಿನಾ ಸಂಜೆ ಬಂದು ನನ್ನ ಮಗ್ಗುಲು ಬದಲಿಸ್ತಾಳೆ ಕಣೇ ನಿಮ್ಮಕ್ಕ. ಹೆತ್ತ ಮಗಳೂ ಹೀಗೆ ನೋಡ್ಕೊಳಲ್ಲ."

ಹೆತ್ತ ಮಗಳು! ಹೊಟ್ಟೆ ಉರಿಯಿತು. ಮನೆಗೆ ಮಾರಿ, ಪರರಿಗೆ ಉಪಕಾರಿ. ಆರು ವರ್ಷದಿಂದ ಅಮ್ಮನ ಮಗ್ಗುಲು ಬದಲಿಸಿದವಳು ನಾನು. ಹೇಲು ಉಚ್ಚೆ ಬಾಚಿದವಳು ನಾನು. ಈಗ ಅಮ್ಮ ನನ್ನ ಮುಖ ನೋಡಿಕೊಂಡೇ, "ದೊಡ್ಡವಳು ಬಂದ್ಲಾ?" ಅಂತಾಳೆ. ಗಂಡನನ್ನು ಬಿಟ್ಟು ಬಂದ ದೊಡ್ಡವಳನ್ನು ಬಾಗಿಲಲ್ಲೇ ನಿಲ್ಲಿಸಿ, "ಮುಖ ತೋರಿಸ್ಬೇಡ" ಅಂದದ್ದೂ ಇದೇ ಅಮ್ಮ.

ಅದೇ ದಿನ, ರಾತ್ರಿ ಊಟಕ್ಕೆ ಮುಂಚೆ

ಬುದ್ಧಿ ತಡವಾಗಿ ಬಂತು. ಹಿಂದೆ ಹಿಂದೆ ಓಡುವುದೇಕೆ? ಎಷ್ಟು ಸುತ್ತಿದರೂ ಸಂಜೆ ಆ ಅಜ್ಜಿಯ ಹತ್ತಿರ ಬರಲೇಬೇಕು. ಮೆಟ್ಟಿಲ ಮೇಲೆ ಕೂತೆ.

ಬಂದಳು. ಕೂದಲೆಲ್ಲ ಬೆಳ್ಳಗೆ. ಕೈಯಲ್ಲಿ ಡ್ರೆಸ್ಸಿಂಗ್ ಪೆಟ್ಟಿಗೆ.

"ಕಾಲಿಗೇನಾಯ್ತು?" ಇಷ್ಟು ವರ್ಷಗಳ ಮೇಲೆ ಮೊದಲ ಮಾತು ಅದು.

"ನಿನ್ನ ಹಿಂದೆ ಅಲೆದದ್ದು."

ಕೂತು ಬೊಬ್ಬೆಗೆ ಮುಲಾಮು ಹಚ್ಚಿದಳು. ತಲೆ ಎತ್ತದೆಯೇ ಕೇಳಿದಳು: "ಅಮ್ಮ ಬಾಯಿಬಿಟ್ಟು ನನ್ನ ಕೇಳಿದ್ಲಾ? ಸುಳ್ಳು ಹೇಳ್ಬೇಡ."

ಇಲ್ಲ ಅಂದುಬಿಡಬಹುದಿತ್ತು. ನಾಲಿಗೆ ತುದಿಯಲ್ಲೇ ಇತ್ತು. ಅಂದಿದ್ದರೆ, ಕೊನೇಗಳಿಗೆಯಲ್ಲಾದರೂ ಅಮ್ಮ ನನ್ನೊಬ್ಬಳಿಗೇ ಉಳಿಯುತ್ತಿದ್ದಳು.

"ನಿನ್ನೊಬ್ಬಳನ್ನೇ ಕೇಳ್ತಾಳೆ" ಅಂದೆ. "ನನ್ನನ್ನಲ್ಲ."

ಪೆಟ್ಟಿಗೆ ಮುಚ್ಚಿದಳು. "ನಾಳೆ ಬೆಳಗಿನ ಲಾಂಚಿಗೆ ಬರ್ತೀನಿ."

೧೩, ಗುರುವಾರ, ಬೆಳಗ್ಗೆ

ದೋಣಿ ನಿಲ್ಲುವ ಧಕ್ಕೆಯಲ್ಲಿ ಲಾಂಚ್ ಕಾಯುತ್ತ. ಇಡೀ ದ್ವೀಪದಲ್ಲಿ ಫೋನ್ ಸಿಗ್ನಲ್ ಬರುವುದು ಇಲ್ಲಿ ಮಾತ್ರ. ಬೆಂಚಿನ ಮೇಲೆ ಕೂತೊಡನೆ, ಅಮ್ಮನ ಹತ್ತಿರ ಬಿಟ್ಟುಬಂದ ತಮ್ಮನ ಮೆಸೇಜ್. ನಿನ್ನೆಯೇ ಕಳಿಸಿದ್ದು. ಅಮ್ಮ ಹೋದಳು. ನಾವು ಬರುವತನಕ ಆಸ್ಪತ್ರೆಯಲ್ಲೇ ಇಟ್ಟಿರುತ್ತಾರಂತೆ.

ಅಳು ಬರುತ್ತಿಲ್ಲ. ಸಿಟ್ಟು ಬರುತ್ತಿದೆ. ಅಕ್ಕ ತಪ್ಪಿಸಿಕೊಂಡು ತಿರುಗಿದ್ದಕ್ಕೆ. ಅಮ್ಮನ ಪಕ್ಕ ಇರಬೇಕಾದ ನಾನು ಇಲ್ಲಿ ಕಲ್ಲು ತುಳಿದದ್ದಕ್ಕೆ.

ಹೇಳಿದರೆ ಅಕ್ಕ ಲಾಂಚ್ ಹತ್ತುವುದಿಲ್ಲ. ಅವಳನ್ನು ನಾನು ಬಲ್ಲೆ. ಇನ್ನೇನಿದೆ ಅಂತ ರೌಂಡ್ಸ್‌ಗೆ ಹೊರಟುಬಿಡುತ್ತಾಳೆ. ಮೈ ತೊಳೆದು ಬಟ್ಟೆ ಉಡಿಸುವ ಕೊನೆಯ ಕೆಲಸವೂ ನನ್ನ ತಲೆಗೇ. ಬೇಡ. ಇದೊಂದನ್ನಾದರೂ ಅವಳು ಮಾಡಲಿ. ದಡ ಬಿಡುವವರೆಗೆ ತುಟಿ ಬಿಚ್ಚಬಾರದು.

ಬಂದಳು. ಇಸ್ತ್ರಿ ಮಾಡಿದ ಬಟ್ಟೆ. ಪಕ್ಕ ಕೂತು ಚೀಲ ಬಿಚ್ಚಿ ತೋರಿಸುತ್ತಿದ್ದಾಳೆ — ಹತ್ತಿ, ಪೌಡರ್, ಹೊಸ ಮುಲಾಮು. "ಅಮ್ಮಂಗೆ ಮಲಗಿ ಮಲಗಿ ಹುಣ್ಣಾಗಿರೋದು ಬೆನ್ನಲ್ಲೋ ಸೊಂಟದಲ್ಲೋ? ಇಷ್ಟು ಸಾಕಾಗುತ್ತಾ?"

ಸಾಕು ಅಂದೆ. ತಲೆ ಎತ್ತದೆ ಬರೆಯುತ್ತಿದ್ದೇನೆ. ಎತ್ತಿದರೆ ಮುಖ ನೋಡಿಯೇ ತಿಳಿದುಬಿಡುತ್ತಾಳೆ.

ಲಾಂಚಿನ ಹಾರ್ನ್. ನನ್ನ ಚೀಲವನ್ನೂ ತಾನೇ ಎತ್ತಿಕೊಂಡಳು. "ಏಳೇ, ಬೇಗ. ಅಮ್ಮ ಕಾಯ್ತಾ—