ಗಾಜಿನ ಕೋಣೆಯಿಂದ

ಅಪ್ಪನಿಗೆ ನಮಸ್ಕಾರ.

ದೊಡ್ಡಪ್ಪ ದೇಶದೇಶಗಳ ಸಭೆಯಲ್ಲಿ ಮಾತಾಡಿದರು. ನಮ್ಮನ್ನು ಆಳಿದವರು ಗಣಿ ತೋಡಿ ಕೆಡಿಸಿದ ಬಾವಿಗಳ ಬಗ್ಗೆ, ಆ ನೀರು ಕುಡಿದು ಸತ್ತ ಅಜ್ಜಿಯ ಬಗ್ಗೆ ಹೇಳಿದರು. ಗಾಜಿನ ಕೋಣೆಯಲ್ಲಿ ಕೂತು ಅದನ್ನು ಆಳಿದವರ ಭಾಷೆಯಲ್ಲಿ ಹೇಳುವುದು ನನ್ನ ಕೆಲಸ.

ಬಿಳಿಯರು ಮಾತಾಡುವಾಗ ಎಲ್ಲರ ಕಿವಿಯಲ್ಲೂ ಅನುವಾದ ಕೇಳಿಸುವ ಇಯರ್‌ಫೋನ್ ಇತ್ತು. ನಮ್ಮ ಬಣ್ಣದವರು ಎದ್ದರೆ ಸಾಕು, ಕಳಚಿ ಮೇಜಿನ ಮೇಲಿಡುತ್ತಿದ್ದರು; ದೊಡ್ಡಪ್ಪ ಎದ್ದಾಗಲೂ ಹಾಗೇ ಮಾಡಿದರು. ಅಜ್ಜಿಯ ವಿಷಯ ಬಂದಾಗ ಸಿಟ್ಟು ನೆತ್ತಿಗೇರಿ, ಮೈಕ್ ಆಫ್ ಮಾಡಿ ಸುಮ್ಮನೆ ಕೂತೆ. ಒಬ್ಬರೂ ತಿರುಗಿ ನೋಡಲಿಲ್ಲ. ಕೊನೆಗೆ ಚಪ್ಪಾಳೆ ಮಾತ್ರ ಜೋರು.

"ಎಷ್ಟು ಚೆನ್ನಾಗಿ ಹೇಳ್ದೆ ಮಗಳೇ, ಎಲ್ರಿಗೂ ಅರ್ಥ ಆಯ್ತು ನೋಡು" ಅಂದರು ದೊಡ್ಡಪ್ಪ.

ನಮ್ಮ ಬಾವಿಯನ್ನು ಯಾರೂ ಸರಿ ಮಾಡಿಸುವ ಹಾಗೆ ಕಾಣುವುದಿಲ್ಲ, ಅದಕ್ಕೆ ಹೊಸ ಹಗ್ಗ ಈಗಲೇ ತರಬೇಡಿ. ದೊಡ್ಡಪ್ಪ ಊರಿಗೆ ಬಂದು ಚಪ್ಪಾಳೆಯ ಕಥೆ ಹೇಳುವಾಗ ಬಾಯಿ ಹಾಕದೆ, ನೀವಾದರೂ ಪೂರ್ತಿ ಕೇಳಿಸಿಕೊಳ್ಳಿ.

ನಿಮ್ಮ ಮಗಳು