ಅಣ್ಣನ ಕೈತುತ್ತು

ದೆಸ್ಸೆ, ಮಂಗಳವಾರ

ಮೈದುನ ಮೆಕುರಿಯಾನಿಗೆ ಅತ್ತಿಗೆ ಅಸೆಲೆಫೆಚ್ ಬರೆಯುವುದು,

ನಿನ್ನ ಆರೋಗ್ಯ ಕೇಳಲು ಬರೆಯುತ್ತಿಲ್ಲ. ನಮ್ಮ ಖಾನಾವಳಿಗೆ ಯಾರು ಒಂಟಿಯಾಗಿ ಬಂದರೂ ತಟ್ಟೆಯ ಎದುರು ಬದಿಯಲ್ಲಿ ಒಂದು ತುತ್ತು ಕಾಣಿಸಿಕೊಳ್ಳುತ್ತಿದೆ. ಇಂಜೆರಾ ರೊಟ್ಟಿ ಹರಿದು, ಬೇಳೆಯಲ್ಲಿ ಅದ್ದಿ, ಬಿಗಿಯಾಗಿ ಸುತ್ತಿಟ್ಟ ತುತ್ತು. ಬಡಿಸುವವಳು ನಾನೇ, ಆದರೆ ಅದನ್ನು ಇಟ್ಟವಳು ನಾನಲ್ಲ.

ನಿನ್ನೆ ಲಾರಿ ಓಡಿಸುವ ತಡೆಸೆ ಬಂದವನು, "ಅಮ್ಮಾ, ನಾನೊಬ್ನೇ ಬಂದಿರೋದು. ಇದನ್ನ ಸುತ್ತಿಟ್ಟೋರು ಯಾರು?" ಎಂದ.

"ಅದು ನಿಂಗಲ್ಲ. ನಿನ್ ಪಾಲಿಂದು ತಿಂದು ಏಳು," ಎಂದೆ.

ಅವನು ಕೇಳಬೇಕಲ್ಲ. ಬಾಯಿಗೆ ಹಾಕಿಕೊಂಡು ಉಗುಳಿದ. ಒಳಗೆ ಹಸಿಮೆಣಸಿನಕಾಯಿ ಇತ್ತು. ಹಾಗೆ ಮೆಣಸಿನಕಾಯಿ ಅಡಗಿಸಿ ತುತ್ತು ಕೊಟ್ಟು ನಗುತ್ತಿದ್ದವರು ನಿಮ್ಮಣ್ಣ ಒಬ್ಬರೇ. ಅವರನ್ನು ಮಣ್ಣು ಮಾಡಿ ಎರಡು ತಿಂಗಳಾಯಿತು.

ನನ್ನ ಮಗಳ ಮದುವೆಯಲ್ಲಿ ಅವರು ನಿನ್ನ ಬಾಯಿಯವರೆಗೂ ತುತ್ತು ಹಿಡಿದರು. ಯಾವುದೋ ಹೇಸರಗತ್ತೆಯ ಜಗಳಕ್ಕೆ ನೀನು ಎಲ್ಲರೆದುರು ಮುಖ ತಿರುಗಿಸಿದೆ. ಅವರು ಸಾಯುವಾಗಲೂ ಬರಲಿಲ್ಲ. ಆ ತುತ್ತನ್ನು ಇನ್ನೂ ಹಿಡಿದುಕೊಂಡೇ ಕೂತಿದ್ದಾರೆ.

ಈಗ ಗಿರಾಕಿಗಳು ಬಾಗಿಲಿನಿಂದಲೇ ಹಿಂದಿರುಗುತ್ತಾರೆ. ಒಲೆ ಆರಿದರೆ ನಾನು ಮಣ್ಣು ತಿನ್ನಬೇಕೇ? ಭಾನುವಾರದೊಳಗೆ ಬಾ. ಬರುವಾಗ ಒಳ್ಳೆಯ ಖಾರದ ಪುಡಿ ತಾ, ಇಲ್ಲಿಯದು ಬರೀ ಕಲಬೆರಕೆ. ಕೈ ತೊಳೆದು ಬಾಗಿಲ ಪಕ್ಕ ಒಬ್ಬನೇ ಕೂತು ಬಾಯಿ ತೆರೆ. ಖಾರವೆಂದು ಉಗುಳಬೇಡ.

ಇಂದು ಬೆಳಿಗ್ಗೆ ಬೇಳೆ ತೊಳೆಯುತ್ತಿದ್ದಾಗ ನಿಮ್ಮಣ್ಣ ನನ್ನ ಕಿವಿಯ ಹತ್ತಿರ, "ಅವನೀಗ ಎಲ್ಲಿರ್ತಾನೆ?" ಎಂದು ಕೇಳಿದರು.

ನೀನು ಗೊಂದರ್‌ಗೆ ಮನೆ ಬದಲಿಸಿದ್ದು ಅವರಿಗೆ ಗೊತ್ತಿಲ್ಲ. ಭಾನುವಾರದವರೆಗೆ ನಾನೂ ಹೇಳುವುದಿಲ್ಲ.

ನಿನ್ನ ಅತ್ತಿಗೆ,
ಅಸೆಲೆಫೆಚ್